ಮೊದಲ ಮಹಾಯುದ್ಧಕ್ಕೆ ಹೋದ ಹಳ್ಳಿಯ ಸಿಪಾಯಿಯ ದೇಹ ಊರಿಗೆ ಏಕೆ ಬರಲಿಲ್ಲ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಹೊರದೇಶಗಳಲ್ಲಿ ಮಡಿದ ಭಾರತೀಯ ಸಿಪಾಯಿಗಳ ದೇಹವನ್ನು ಅವರ ಊರಿಗೆ ಕಳುಹಿಸುತ್ತಿದ್ದರೇ? ಇಲ್ಲವಾದರೆ ಅವರ ಗುರುತು ಈಗ ಎಲ್ಲಿದೆ?

ಉತ್ತರ: ಕಳುಹಿಸಲಿಲ್ಲ. ಅಧಿಕಾರಿಯಾಗಲಿ ಸಿಪಾಯಿಯಾಗಲಿ, ಮಡಿದ ನಾಡಿನಲ್ಲೇ ಅಂತ್ಯಕ್ರಿಯೆ ನಡೆಯಬೇಕು, ದೇಹವನ್ನು ಸ್ವದೇಶಕ್ಕೆ ಸಾಗಿಸಕೂಡದು ಎಂದು ಬ್ರಿಟಿಷ್ ಸೇನೆ 1915ರಲ್ಲಿ ನಿಷೇಧ ವಿಧಿಸಿತು. ಹಣವುಳ್ಳ ಮನೆತನಗಳು ಮಾತ್ರ ತಮ್ಮವರನ್ನು ತರಿಸಿಕೊಳ್ಳುವಂತಾಗಬಾರದು ಎಂಬ ಯೋಚನೆಯೂ ಇದರ ಹಿಂದಿತ್ತು. ಆದರೆ ದೇಹದ ವಿಷಯದಲ್ಲಿ ಪಾಲಿಸಿದ ಈ ಸಮಾನತೆಯನ್ನು ಹೆಸರಿನ ವಿಷಯದಲ್ಲಿ ಎಲ್ಲೆಡೆ ಪಾಲಿಸಲಿಲ್ಲ.

ತಿಂಗಳಿಗೆ 11 ರೂಪಾಯಿ ಸಂಬಳದ ಸಿಪಾಯಿಗಳಲ್ಲಿ ಬಹುಪಾಲು ಜನ ಪಂಜಾಬ್, ಗಢವಾಲ್, ನೇಪಾಳದಂಥ ಕಡೆಗಳ ರೈತಾಪಿ ಮನೆಗಳವರು. ಓದು ಬರಹ ಬಾರದವರು ಬೇರೆಯವರಿಂದ ಪತ್ರ ಬರೆಸುತ್ತಿದ್ದರು. ಆ ಪತ್ರವನ್ನು ಸೇನೆಯ ತಪಾಸಣಾಧಿಕಾರಿಗಳು ಓದಿದ ಮೇಲೆಯೇ ಅದು ಊರಿಗೆ ಹೊರಡುತ್ತಿತ್ತು.

ಗಢವಾಲದ ಚಂಬಾ ಬಳಿಯ ಹಳ್ಳಿಯೊಂದರಲ್ಲಿ 1895ರಲ್ಲಿ ಹುಟ್ಟಿದ ಗಬರ್ ಸಿಂಗ್ ನೇಗಿ ಅಂಥವರಲ್ಲೊಬ್ಬ. 1915ರ ಮಾರ್ಚ್ 10ರಂದು ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಜರ್ಮನ್ನರ ಕಂದಕಕ್ಕೆ ನುಗ್ಗಿದ ತುಕಡಿಯಲ್ಲಿ, ಕಂದಕದ ಪ್ರತಿ ತಿರುವನ್ನೂ ಎಲ್ಲರಿಗಿಂತ ಮೊದಲು ದಾಟುತ್ತ ಶತ್ರುಗಳನ್ನು ಹಿಮ್ಮೆಟ್ಟಿಸಿದ ಆತ ಅದೇ ಕಾಳಗದಲ್ಲಿ ಮಡಿದ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮರಣಾನಂತರ ಬ್ರಿಟಿಷ್ ಸೇನೆಯ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. 1927ರಲ್ಲಿ ನವ್ ಶಪೆಲ್‌ನಲ್ಲಿ, ಅಶೋಕಸ್ತಂಭವನ್ನು ನೆನಪಿಸುವ ಕಂಬದೊಡನೆ ನಿಂತ ಸ್ಮಾರಕದಲ್ಲಿ, ಗೋರಿ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಜೊತೆ ಅವನ ಹೆಸರನ್ನೂ ಕೆತ್ತಲಾಗಿದೆ. ಊರವರೂ ಅವನನ್ನು ಮರೆತಿಲ್ಲ: ಪ್ರತಿವರ್ಷ ಏಪ್ರಿಲ್‌ನಲ್ಲಿ, ಅವನ ಹುಟ್ಟಿದ ದಿನದ ಸುಮಾರಿಗೆ, ಚಂಬಾದಲ್ಲಿ ಜಾತ್ರೆ ಸೇರುತ್ತದೆ.

ಗಾಯಗೊಂಡು ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ದಹಿಸಿ, ಬೂದಿಯನ್ನು ಸಮುದ್ರಕ್ಕೆ ಬಿಡಲಾಯಿತು; ಅಲ್ಲೀಗ ಛತ್ರಿ ಎಂಬ, ಗುಮ್ಮಟವುಳ್ಳ ಬಿಳಿ ಅಮೃತಶಿಲೆಯ ಸ್ಮಾರಕ ಮಂಟಪವಿದೆ. ಮುಸ್ಲಿಂ ಸೈನಿಕರಿಗೆ ವೋಕಿಂಗ್ ಮಸೀದಿಯ ಸಮೀಪ ದಫನಭೂಮಿ ಮಾಡಿಕೊಟ್ಟರು.

ಆದರೆ ಇದೇ ಯುದ್ಧದಲ್ಲಿ ಇಂದಿನ ಇರಾಕಿನಲ್ಲಿ ಸತ್ತವರ ಪಾಡು ಬೇರೆಯಾಯಿತು. ಅಲ್ಲಿನ ಬಸ್ರಾ ಸ್ಮಾರಕದ ಕಲ್ಲಿನಲ್ಲಿ ಬ್ರಿಟಿಷರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸಿಪಾಯಿಗಳನ್ನು ಮಾತ್ರ ಇಂಥ ರೆಜಿಮೆಂಟಿನವರು ಇಷ್ಟು ಮಂದಿ ಎಂದು ಎಣಿಸಿ ಮುಗಿಸಿದ್ದಾರೆ. ತುರು ಕಾಯಲು ಹೋಗಿ ಬಿದ್ದವನಿಗೂ ವೀರಗಲ್ಲು ನಿಲ್ಲಿಸಿ ಅವನ ಹೆಸರು ಬರೆಸಿದ ನಾಡಿನವರಾದ ನಮಗೆ, ದೇಹ ಬಾರದಿದ್ದುದಕ್ಕಿಂತ ಇದು ಹೆಚ್ಚು ನೋವುಂಟುಮಾಡಬೇಕು. ಈ ತಾರತಮ್ಯವನ್ನು, ಇಂಥ ಸ್ಮಾರಕಗಳನ್ನೂ ಗೋರಿಗಳನ್ನೂ ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಅಶ್ವದಳದಲ್ಲಿ ಜೋಧ್‌ಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರದು.

ಮನೆಯ ಹಿರಿಯರೊಬ್ಬರ ಗುರುತು ಹುಡುಕುವವರು ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಅಥವಾ ರೆಜಿಮೆಂಟಿನಿಂದ ಹುಡುಕಬಹುದು. ಒಂದೇ ಹೆಸರಿನ ಹತ್ತಾರು ಮಂದಿ ಸಿಕ್ಕರೆ ಧೃತಿಗೆಡಬೇಕಿಲ್ಲ. ಭಾರತೀಯ ಸಿಪಾಯಿಗಳ ಎಷ್ಟೋ ದಾಖಲೆಗಳಲ್ಲಿ ಇಂಥವರ ಮಗ, ಇಂಥ ಹಳ್ಳಿಯವನು ಎಂದೂ ಬರೆದಿರುತ್ತದೆ.