ಪ್ಯಾಂಕ್ರಿಯಾಸ್‌ನಲ್ಲಿ ಸಿಸ್ಟ್ ಇದೆಯಂತೆ, ಈಗಲೇ ತೆಗೆಸಿಬಿಡೋದಾ?

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ಕಿಡ್ನಿಯಲ್ಲಿ ಕಲ್ಲಿದೆಯಾ ಅಂತ ಸ್ಕ್ಯಾನ್ ಮಾಡಿಸಿದಾಗ ಪ್ಯಾಂಕ್ರಿಯಾಸ್‌ನಲ್ಲಿ 18 ಮಿಲಿಮೀಟರ್ ಸಿಸ್ಟ್ ಇದೆ ಅಂತ ರಿಪೋರ್ಟ್ ಬಂತು. ಆಮೇಲೆ ಎಂಆರ್‌ಐ ಮಾಡಿಸಿದೆವು. ಡಾಕ್ಟರು ನೋಡಿ, "ಆರು ತಿಂಗಳು ಬಿಟ್ಟು ಬನ್ನಿ" ಅಂದರು. ಮುಂದೆ ಕ್ಯಾನ್ಸರ್ ಆಗುವಂಥದ್ದಾದರೆ ಈಗಲೇ ತೆಗೆಸಿಬಿಡುವುದು ಒಳ್ಳೆಯದಲ್ವಾ?

ಉತ್ತರ: ಇಂಥ ರಿಪೋರ್ಟ್ ಕೈಗೆ ಬಂದವರ ಕಣ್ಣು ಮೊದಲು ಹೋಗುವುದು ಆ ಸಂಖ್ಯೆಯ ಮೇಲೆ. 18 ಮಿಲಿಮೀಟರ್! ಆದರೆ ಅದೇ ರಿಪೋರ್ಟಿನಲ್ಲಿ ಅದಕ್ಕಿಂತ ಮುಖ್ಯವಾದ ಸಾಲುಗಳಿರುತ್ತವೆ. ಡಾಕ್ಟರು ಓದಿದ್ದು ಅವನ್ನು.

ಮೊದಲು ಒಂದು ಮಾತು. ಪ್ಯಾಂಕ್ರಿಯಾಸ್‌ನಲ್ಲಿ, ಅಂದರೆ ಮೇದೋಜ್ಜೀರಕ ಗ್ರಂಥಿಯಲ್ಲಿ, ನೀರು ತುಂಬಿದ ಗುಳ್ಳೆ ಸಿಗುವುದು ಅಪರೂಪವೇನಲ್ಲ. ಬೇರೆ ಯಾವುದಕ್ಕೋ ಸಿಟಿ ಸ್ಕ್ಯಾನ್ ಮಾಡಿಸಿದ ನೂರು ಜನರಲ್ಲಿ ಇಬ್ಬರು ಮೂವರಿಗೆ ಕಾಣುತ್ತದೆ. ಎಂಆರ್‌ಐಯಲ್ಲಿ ಇನ್ನೂ ಜಾಸ್ತಿ. ವಯಸ್ಸಾದಂತೆ ಮತ್ತೂ ಜಾಸ್ತಿ. ನಿಮ್ಮ ತಾಯಿಗೆ ಇದು ಹೊಸದಾಗಿ ಬಂತು ಅಂತಲೇ ಹೇಳಲಾಗದು, ಈಗ ಕಣ್ಣಿಗೆ ಬಿತ್ತು ಅಷ್ಟೇ.

ಈಗ ಅಸಲಿ ವಿಷಯ: ಅದು ಯಾವ ಜಾತಿಯ ಸಿಸ್ಟ್? ಕೆಲವಕ್ಕೂ ಕ್ಯಾನ್ಸರಿಗೂ ಸಂಬಂಧವೇ ಇಲ್ಲ. ಪ್ಯಾಂಕ್ರಿಯಾಸ್‌ಗೆ ಉರಿಯೂತ ಬಂದು ಹೋದ ಮೇಲೆ ಉಳಿಯುವ ಸೂಡೋಸಿಸ್ಟ್ ಅಂಥದ್ದು. ಸೀರಸ್ ಸಿಸ್ಟಡಿನೋಮ ಅನ್ನುವುದೂ ಹೆಚ್ಚೂಕಡಿಮೆ ಅದೇ ಸಾಲಿಗೆ ಸೇರುತ್ತದೆ. ಸ್ಕ್ಯಾನಿನಲ್ಲಿ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೋಣೆ ಕಂಡರೆ ಅದಿರಬಹುದು. ಅದು ದೊಡ್ಡದಾಗಿ ಪಕ್ಕದ ಅಂಗವನ್ನು ಒತ್ತಿದರೆ ಮಾತ್ರ ತೊಂದರೆ.

ಎಚ್ಚರ ಬೇಕಾಗುವುದು ಒಳಗೆ ಲೋಳೆ ತುಂಬಿರುವ ಸಿಸ್ಟ್‌ಗಳ ವಿಷಯದಲ್ಲಿ. ಇದರಲ್ಲಿ ಎರಡು ಬಗೆ. ಒಂದು ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ. ಇದು ಬಹುಪಾಲು ಹೆಂಗಸರಿಗೇ ಬರುತ್ತದೆ, ಪ್ಯಾಂಕ್ರಿಯಾಸ್‌ನ ನಡುಭಾಗದಲ್ಲಿ ಅಥವಾ ಬಾಲದ ಕಡೆ ಇರುತ್ತದೆ. ಇನ್ನೊಂದು ಐಪಿಎಂಎನ್, ಅಂದರೆ ಪ್ಯಾಂಕ್ರಿಯಾಸ್‌ನ ನಾಳಗಳ ಒಳಗೆ ಬೆಳೆಯುವ ಲೋಳೆಯ ಗಡ್ಡೆ. ಸುಮ್ನೆ ಸ್ಕ್ಯಾನಿನಲ್ಲಿ ಸಿಗುವ ಸಣ್ಣ ಸಿಸ್ಟ್‌ಗಳಲ್ಲಿ ಬಹಳಷ್ಟು ಇದೇ ಇರುತ್ತವೆ. ಪ್ಯಾಂಕ್ರಿಯಾಸ್‌ನ ಉದ್ದಕ್ಕೂ ಒಂದು ಮುಖ್ಯ ನಾಳ ಇದೆ, ಮರದ ಕಾಂಡ ಅಂದುಕೊಳ್ಳಿ. ಅದಕ್ಕೆ ಅಕ್ಕಪಕ್ಕದಿಂದ ಕೊಂಬೆಗಳು ಬಂದು ಸೇರುತ್ತವೆ. ಐಪಿಎಂಎನ್ ಕೊಂಬೆಯಲ್ಲಷ್ಟೇ ಇದ್ದರೆ ಅಪಾಯ ಕಡಿಮೆ. ಕಾಂಡವೇ ಊದಿಕೊಂಡಿದ್ದರೆ ಕಥೆ ಬೇರೆ. ಅಂಥವನ್ನು ಆಪರೇಷನ್ ಮಾಡಿ ತೆಗೆದು ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಗಡ್ಡೆಗಳಲ್ಲಿ ಕ್ಯಾನ್ಸರ್ ಅಥವಾ ಅದರ ಹಿಂದಿನ ಮೆಟ್ಟಿಲು ಕಂಡುಬಂದಿದೆ.

ಹಾಗಾಗಿ ರಿಪೋರ್ಟ್ ತೆಗೆದು ಮುಖ್ಯ ನಾಳದ ಅಗಲ ಎಷ್ಟು ಅಂತ ಬರೆದಿದ್ದಾರೆ ನೋಡಿ. 5 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಸಮಾಧಾನ. 5ರಿಂದ 9 ಇದ್ದರೆ ಇನ್ನಷ್ಟು ಪರೀಕ್ಷೆ ಬೇಕು. 10 ಮುಟ್ಟಿದರೆ ಆಪರೇಷನ್ ಮಾತು ಶುರುವಾಗುತ್ತದೆ.

ಆಮೇಲೆ ಹುಡುಕಬೇಕಾದ ಪದ "ಮ್ಯೂರಲ್ ನಾಡ್ಯೂಲ್". ಸಿಸ್ಟ್‌ನ ಒಳಗೋಡೆಗೆ ಅಂಟಿಕೊಂಡು ಬೆಳೆದ ಗಟ್ಟಿ ಗಂಟು ಅಂತ ಅರ್ಥ. ನನ್ನನ್ನು ಕೇಳಿದರೆ ಇಡೀ ರಿಪೋರ್ಟಿನಲ್ಲಿ ಇದಕ್ಕಿಂತ ತೂಕದ ಪದ ಇನ್ನೊಂದಿಲ್ಲ. ನೀರಿನಂಥ ಜಾಗದಲ್ಲಿ ಗಟ್ಟಿಯಾದ್ದು ಬೆಳೆದಿದೆ, ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ಅದು ಬೆಳಗುತ್ತದೆ ಅಂದರೆ ಅಲ್ಲಿ ರಕ್ತ ಓಡಾಡುತ್ತಿದೆ, ಜೀವಕೋಶಗಳು ಕೆಲಸ ಮಾಡುತ್ತಿವೆ ಅಂತ. ಅಂಥ ಗಂಟು 5 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ವೈದ್ಯರು ಅದನ್ನು ಹೆಚ್ಚಿನ ಅಪಾಯದ ಪಟ್ಟಿಗೆ ಸೇರಿಸುತ್ತಾರೆ. ಗಂಟಿಲ್ಲದ 35 ಮಿಲಿಮೀಟರ್ ಸಿಸ್ಟ್‌ಗಿಂತ, ಗಂಟಿರುವ 20 ಮಿಲಿಮೀಟರ್ ಸಿಸ್ಟ್ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ.

ಹಾಗಂತ ಗಾತ್ರ ಲೆಕ್ಕಕ್ಕಿಲ್ಲ ಅಂತಲ್ಲ. 30 ಮಿಲಿಮೀಟರ್ ಮುಟ್ಟಿದರೆ ಎಚ್ಚರ ಬೇಕು. ವರ್ಷಕ್ಕೆ ಎರಡೂವರೆ ಮಿಲಿಮೀಟರ್‌ಗಿಂತ ಜೋರಾಗಿ ಬೆಳೆದರೂ ಅಷ್ಟೇ. ಸಿಸ್ಟ್‌ನ ಗೋಡೆ ದಪ್ಪಗಾಗಿರುವುದು, ರಕ್ತದಲ್ಲಿ ಸಿಎ 19-9 (ಪ್ಯಾಂಕ್ರಿಯಾಸ್ ಕ್ಯಾನ್ಸರಿನಲ್ಲಿ ಹೆಚ್ಚಾಗಬಹುದಾದ ಒಂದು ವಸ್ತು) ಏರಿರುವುದು, ಹೊಸದಾಗಿ ಸಕ್ಕರೆ ಕಾಯಿಲೆ ಶುರುವಾಗಿರುವುದು, ಇವೂ ಲೆಕ್ಕಕ್ಕೆ ಬರುತ್ತವೆ. ಅಂದಹಾಗೆ, ಸಿಎ 19-9 ಒಂದನ್ನೇ ನಂಬಿ ಕೂರಬೇಡಿ. ಪಿತ್ತನಾಳ ಕಟ್ಟಿಕೊಂಡರೂ ಅದು ಏರುತ್ತದೆ. ಕೆಲವರ ಮೈ ಅದನ್ನು ತಯಾರಿಸುವುದೇ ಇಲ್ಲ, ಅಂಥವರಿಗೆ ಕ್ಯಾನ್ಸರ್ ಇದ್ದರೂ ನಾರ್ಮಲ್ ಅಂತಲೇ ಬರುತ್ತದೆ.

ಇಷ್ಟರಲ್ಲಿ ಏನಾದರೂ ಅನುಮಾನ ಬಂದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡುತ್ತಾರೆ. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಕೊಳವೆಯನ್ನು ಬಾಯಿಯಿಂದ ಹೊಟ್ಟೆಗೆ ಇಳಿಸುತ್ತಾರೆ. ಪ್ಯಾಂಕ್ರಿಯಾಸ್ ಜಠರದ ಬೆನ್ನಿಗೇ ಇರುವುದರಿಂದ ಅಲ್ಲಿಂದ ತುಂಬಾ ಹತ್ತಿರದ ಚಿತ್ರ ಸಿಗುತ್ತದೆ. ಬೇಕಾದರೆ ಅಲ್ಲಿಂದಲೇ ಸೂಜಿ ಚುಚ್ಚಿ ಸಿಸ್ಟ್‌ನ ದ್ರವ ಹೀರುತ್ತಾರೆ. ಆಮೇಲೆ ಮಾಡುವ ಒಂದು ಪರೀಕ್ಷೆ ನೋಡಲು ಮಜವಾಗಿದೆ. ಒಂದು ಹನಿಯನ್ನು ಗ್ಲೌಸ್ ಹಾಕಿದ ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ನಿಧಾನವಾಗಿ ಬಿಡಿಸುತ್ತಾರೆ. ದಾರದ ಹಾಗೆ ಎಳೆ ಎಳೆಯಾಗಿ ಬಂದರೆ ಲೋಳೆ. ತಕ್ಷಣ ಕಡಿದುಹೋದರೆ ಬರೀ ನೀರಿನಂಥ ದ್ರವ. ಲ್ಯಾಬಿನಲ್ಲಿ ಆ ದ್ರವದಲ್ಲಿರುವ ಸಿಇಎ ಅನ್ನುವ ಪ್ರೋಟೀನ್ ಮತ್ತು ಗ್ಲೂಕೋಸ್ ಅಳೆಯುತ್ತಾರೆ. ಸಿಇಎ ಜಾಸ್ತಿ ಇದ್ದು ಗ್ಲೂಕೋಸ್ ಕಡಿಮೆ ಇದ್ದರೆ ಲೋಳೆಯ ಸಿಸ್ಟ್ ಅಂತ ಅರ್ಥ. ಇಲ್ಲೇ ಬಹಳ ಜನ ಎಡವುವುದು. ಸಿಇಎ ಜಾಸ್ತಿ ಅಂದರೆ ಕ್ಯಾನ್ಸರ್ ಅಂತಲ್ಲ, ಅದು ಸಿಸ್ಟ್‌ನ ಜಾತಿಯನ್ನಷ್ಟೇ ಹೇಳುತ್ತದೆ. ದ್ರವದಲ್ಲಿ ಜೀನ್ ಬದಲಾವಣೆ ಹುಡುಕುವ ಪರೀಕ್ಷೆಯೂ ಈಗ ಇದೆ. ಕೆಆರ್‌ಎಎಸ್, ಜಿಎನ್‌ಎಎಸ್ ಅನ್ನುವ ಜೀನ್‌ಗಳಲ್ಲಿ ಬದಲಾವಣೆ ಸಿಕ್ಕರೆ ಲೋಳೆಯ ಜಾತಿ. ಟಿಪಿ53 ಜೀನ್‌ನಲ್ಲಿ ಸಿಕ್ಕರೆ ಮಾತ್ರ ವೈದ್ಯರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂರುತ್ತಾರೆ.

ನೆನಪಿಡಿ, ಇದೆಲ್ಲ ನೀರು ತುಂಬಿದ ಸಿಸ್ಟ್‌ನ ಮಾತು. ಪೂರ್ತಿ ಗಟ್ಟಿ ಗಡ್ಡೆ ಅಂತ ರಿಪೋರ್ಟ್ ಬಂದರೆ ಆರು ತಿಂಗಳು ಕಾಯುವ ಪ್ರಶ್ನೆ ಸಾಮಾನ್ಯವಾಗಿ ಇರುವುದಿಲ್ಲ, ಬೇಗ ಪರೀಕ್ಷೆ ಮಾಡಿ ಅದೇನು ಅಂತ ತಿಳಿಯಬೇಕು.

ಸರಿ, "ತೆಗೆಸಿಬಿಡೋಣ" ಅನ್ನುವುದಕ್ಕೆ ಬರೋಣ. ಪ್ಯಾಂಕ್ರಿಯಾಸ್ ಆಪರೇಷನ್ ಅಪೆಂಡಿಕ್ಸ್ ತೆಗೆದಷ್ಟು ಸುಲಭವಲ್ಲ. ಸಿಸ್ಟ್ ತಲೆಯ ಭಾಗದಲ್ಲಿದ್ದರೆ ವಿಪಲ್ ಆಪರೇಷನ್. ಪ್ಯಾಂಕ್ರಿಯಾಸ್‌ನ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ತುಂಡು, ಇಷ್ಟನ್ನೂ ತೆಗೆದು ಉಳಿದದ್ದನ್ನು ಮತ್ತೆ ಜೋಡಿಸಬೇಕು. ಹೊಲಿಗೆ ಜಾಗದಿಂದ ಜೀರ್ಣರಸ ಸೋರಬಹುದು. ಸಕ್ಕರೆ ಕಾಯಿಲೆ ಅಂಟಿಕೊಳ್ಳಬಹುದು. ಕೈ ಪಳಗಿದ ತಂಡಗಳಲ್ಲೂ ನೂರಕ್ಕೆ ಒಂದರಿಂದ ಐದು ಜನ ತೀರಿಕೊಳ್ಳುತ್ತಾರೆ. ನಾಳ ಊದಿಲ್ಲ, ಗಂಟಿಲ್ಲ ಅಂತಾದರೆ, ಕೊಂಬೆಯಲ್ಲಿರುವ ಸಣ್ಣ ಸಿಸ್ಟ್ ಒಂದು ವರ್ಷದಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ನೀವೇ ನೋಡಿ. ಡಾಕ್ಟರು ಆರು ತಿಂಗಳು ಅಂದದ್ದು ಉದಾಸೀನದಿಂದಲ್ಲ. 20 ಮಿಲಿಮೀಟರ್ ಒಳಗಿನ ಇಂಥ ಸಿಸ್ಟ್‌ಗೆ ಅಂತರರಾಷ್ಟ್ರೀಯ ಕ್ಯೋಟೋ ಮಾರ್ಗಸೂಚಿ ಹೇಳುವುದೂ ಅದನ್ನೇ: ಆರು ತಿಂಗಳಾದ ಮೇಲೆ ಒಂದು ಸಲ ನೋಡಿ, ಬದಲಾಗಿಲ್ಲ ಅಂದರೆ ಆಮೇಲೆ 18 ತಿಂಗಳಿಗೊಮ್ಮೆ. ಐದು ವರ್ಷ ಹಾಗೇ ಇದ್ದರೆ ನಿಲ್ಲಿಸುವ ದಾರಿಯೂ ಇದೆ.

ನಡುವೆ ಕಣ್ಣು ಹಳದಿಯಾದರೆ, ಬೆನ್ನಿಗೆ ಹರಿಯುವಂಥ ಹೊಟ್ಟೆನೋವು ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಆರು ತಿಂಗಳ ಲೆಕ್ಕ ಬಿಟ್ಟು ತಕ್ಷಣ ಹೋಗಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ತಾಯಿಗೆ ಹಿಂದೆ ಯಾವಾಗಲಾದರೂ ಹೊಟ್ಟೆಯ ಸಿಟಿ ಅಥವಾ ಎಂಆರ್‌ಐ ಆಗಿತ್ತಾ ಅಂತ ಬೀರು ತಡಕಿ. ಬರೀ ರಿಪೋರ್ಟಿನ ಹಾಳೆ ಸಾಲದು, ಚಿತ್ರಗಳಿರುವ ಸಿಡಿ ಬೇಕು. ಆಗ ಯಾರೂ ಈ ಸಿಸ್ಟ್ ಬಗ್ಗೆ ಬರೆಯದೇ ಇದ್ದಿರಬಹುದು, ಆದರೂ ಹುಡುಕಿದರೆ ಚಿತ್ರದಲ್ಲಿ ಇರಬಹುದು. ಏಳೆಂಟು ವರ್ಷದ ಹಿಂದೆಯೂ ಅದು 17 ಮಿಲಿಮೀಟರ್ ಇತ್ತು ಅಂತ ಗೊತ್ತಾದರೆ, ಮುಂದಿನ ಸಲ ಡಾಕ್ಟರ ಜೊತೆ ನೀವು ಆಡುವ ಮಾತೇ ಬೇರೆಯಾಗುತ್ತದೆ.