‘ರೆಫರ್ ಮಾಡಿದವರಿಗೆ ಎಷ್ಟು ಪರ್ಸೆಂಟ್ ಕೊಡಬೇಕು ಸರ್?’

ಪ್ರಶ್ನೆ: “ಸರ್, ಟ್ಯಾಕ್ಸ್ ಪ್ರಾಕ್ಟೀಸ್ ಶುರು ಮಾಡಿ ಎರಡು ವರ್ಷ ಆಯ್ತು. ಅರವತ್ತು ಕ್ಲೈಂಟ್ ಇದ್ದಾರೆ. ಯಾರದ್ದೂ ತಕರಾರಿಲ್ಲ. ಆದರೆ ಒಬ್ಬರೂ ಇನ್ನೊಬ್ಬರನ್ನ ಕಳಿಸಲ್ಲ. ರೆಫರ್ ಮಾಡಿದವರಿಗೆ ಕಮಿಷನ್ ಇಡಬೇಕಾ? ಈಗ ಎಷ್ಟು ಪರ್ಸೆಂಟ್ ನಡೀತಿದೆ?”

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಕೊಡುತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರ ಊರು ಬೇರೆ, ಹೆಸರು ಬೇರೆ, ಕೊನೆಯ ಸಾಲು ಮಾತ್ರ ಅದೇ. ಕೊಡಬೇಕಾ ಬೇಡವಾ ಅನ್ನುವುದು ಮನಸ್ಸಲ್ಲಿ ಆಗಲೇ ತೀರ್ಮಾನ ಆಗಿರುತ್ತದೆ, ರೇಟ್ ಒಂದು ಗೊತ್ತಾದರೆ ಸಾಕು.

ಸೊನ್ನೆ ಪರ್ಸೆಂಟ್. ಬರೆದುಕೊಳ್ಳಿ. ಇವತ್ತು 19ನೇ ತಾರೀಕಾಗಿದ್ದು, ಇನ್ನೂ ಇಪ್ಪತ್ತು ಜನರ 3ಬಿ (20ಕ್ಕೆ ಕೊನೆಯಾಗುವ ತಿಂಗಳ ಜಿಎಸ್‌ಟಿ ರಿಟರ್ನ್) ಬಾಕಿ ಇದ್ದರೆ ಇಲ್ಲಿಗೇ ಓದು ನಿಲ್ಲಿಸಿ ಕೆಲಸ ನೋಡಿ.

ಉಳಿದವರಿಗೆ ಮೊದಲು ಕಾನೂನಿನ ಮಾತು. ನೀವು ಸಿಎ ಆಗಿದ್ದರೆ ಚರ್ಚೆಯೇ ಇಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲನೇ ಶೆಡ್ಯೂಲ್ ತೆಗೆಯಿರಿ. ಒಂದನೇ ಭಾಗದ ಎರಡನೇ ಕ್ಲಾಜ್. ಫೀಸಿನಲ್ಲಿ ಪಾಲು, ಕಮಿಷನ್, ದಲ್ಲಾಳಿ ಯಾವುದನ್ನೂ ಹೊರಗಿನವರಿಗೆ ಕೊಡುವ ಹಾಗಿಲ್ಲ. ನೇರವಾಗಿಯೂ ಇಲ್ಲ, ಸುತ್ತಿ ಬಳಸಿಯೂ ಇಲ್ಲ. (ದೀಪಾವಳಿಗೆ ಬೆಳ್ಳಿ ಲೋಟ ಕೊಟ್ಟರೆ ನಡೆಯುತ್ತಾ ಅಂತ ಇನ್ನೊಮ್ಮೆ ಕೇಳಬೇಡಿ. ಸುತ್ತಿ ಬಳಸಿ ಅಂದರೆ ಅದೇ.) ಆರನೇ ಕ್ಲಾಜ್ ಅಂತೂ ಕೆಲಸ ಕೊಡಿ ಅಂತ ಕೇಳಿಕೊಂಡು ಹೋಗುವುದನ್ನೇ ತಡೆಯುತ್ತದೆ. ವಕೀಲರೂ ಹಾಗೆ ಕೇಳಿಕೊಂಡು ಹೋಗದಂತೆ ಬಾರ್ ಕೌನ್ಸಿಲ್‌ನ 36ನೇ ನಿಯಮ ಇದೆ. ಕೋರ್ಟ್ ಬಾಗಿಲಲ್ಲಿ ಕಕ್ಷಿದಾರರನ್ನು ಹಿಡಿದು ತರುವ ಟೌಟ್‌ಗಳಿಗಂತೂ 2023ರಲ್ಲಿ ಅಡ್ವೊಕೇಟ್ಸ್ ಕಾಯ್ದೆಯೊಳಗೇ ಒಂದು ಕಲಂ ಸೇರಿಸಿದ್ದಾರೆ.

“ನಾವು ಸಿಎ ಅಲ್ವಲ್ಲ ಸರ್, ಬರೀ ಟ್ಯಾಕ್ಸ್ ಪ್ರಾಕ್ಟೀಷನರ್” ಅನ್ನುತ್ತೀರಿ. ನಾನೂ ಅಷ್ಟೇ. ಅಂಗಡಿಯವರ ಬಾಯಲ್ಲಿ ನಾವೆಲ್ಲ ‘ಆಡಿಟರ್’ಗಳೇ, ಒಂದು ಆಡಿಟ್ ರಿಪೋರ್ಟಿಗೂ ಸಹಿ ಹಾಕುವ ಅಧಿಕಾರ ಇಲ್ಲದಿದ್ದರೂ. ಆ ಕಾಯ್ದೆ ನಮಗೆ ಅಂಟುವುದಿಲ್ಲ, ಒಪ್ಪಿದೆ. ಆದರೆ ಕಾಯ್ದೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಕಮಿಷನ್ ಅನ್ನುವುದು ಕೆಲಸ ಮಾಡುವುದಿಲ್ಲ. ನಾನು ಕೊಟ್ಟು ನೋಡಿದ್ದೇನೆ.

2017, ಜಿಎಸ್‌ಟಿ ಬಂದ ಹೊಸತು. ದಾವಣಗೆರೆಯ ಮಂಡಿಪೇಟೆ ಸುತ್ತಮುತ್ತ ನಾಲ್ಕಾರು ಅಂಗಡಿಗಳಿಗೆ ಟ್ಯಾಲಿ ಎಂಟ್ರಿ ಮಾಡಿಕೊಡುತ್ತಿದ್ದ ಒಬ್ಬ ಹುಡುಗ ಬಂದ. ಚುರುಕಾಗಿದ್ದ. ಒಂದು ರಿಜಿಸ್ಟ್ರೇಷನ್‌ಗೆ ಐನೂರು ರೂಪಾಯಿ ಅಂತ ಮಾತಾಯ್ತು. ನಾಲ್ಕು ತಿಂಗಳಲ್ಲಿ ಹದಿನಾಲ್ಕು ಜನರನ್ನು ಕರೆತಂದ. ನಾನು ಮನೆಯಲ್ಲಿ ಹೇಳಿಕೊಂಡು ಓಡಾಡಿದ್ದೇ ಓಡಾಡಿದ್ದು.

ಬಂದವರು ಯಾರು ಗೊತ್ತಾ? ಅದರಲ್ಲಿ ಐದು ಜನಕ್ಕೆ ರಿಜಿಸ್ಟ್ರೇಷನ್ ಬೇಕಾಗಿಯೇ ಇರಲಿಲ್ಲ. ಆಗ ಮಿತಿ ಇದ್ದದ್ದು ವರ್ಷಕ್ಕೆ 20 ಲಕ್ಷದ ವ್ಯಾಪಾರ, ಇವರ ವ್ಯಾಪಾರ ಅದರ ಅರ್ಧಕ್ಕೂ ಬರುತ್ತಿರಲಿಲ್ಲ. “ಜಿಎಸ್‌ಟಿ ನಂಬರ್ ಇದ್ರೆ ಲೋನ್ ಬೇಗ ಸಿಗುತ್ತೆ ಅಣ್ಣ” ಅಂತ ಅವನೇ ಹೇಳಿ ಎಬ್ಬಿಸಿಕೊಂಡು ಬಂದಿದ್ದ. ಅವನಿಗೆ ತಲೆಗೆ ಐನೂರರ ಲೆಕ್ಕ, ನನಗೂ ಆಗ ಕಣ್ಣು ಕಾಣಲಿಲ್ಲ. ಒಂದು ಸಲ ನಂಬರ್ ಬಂದ ಮೇಲೆ ವ್ಯಾಪಾರ ಇರಲಿ ಬಿಡಲಿ ರಿಟರ್ನ್ ಹಾಕಲೇಬೇಕು, ನಿಲ್ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ಲೇಟ್ ಫೀ. ಅವರು ಫೀಸೂ ಕೊಡಲಿಲ್ಲ, ಫೋನೂ ಎತ್ತಲಿಲ್ಲ. ಲೇಟ್ ಫೀ ಏರಿದ ಮೇಲೆ ಆಫೀಸಿಗೆ ಬಂದು ಬೈದದ್ದು ಆ ಹುಡುಗನನ್ನಲ್ಲ, ನನ್ನನ್ನು.

ಅದಾದರೂ ಸಹಿಸಬಹುದಿತ್ತು. ಒಬ್ಬರು ನನ್ನೆದುರು ಕೂತು ಕೇಳಿದರು, “ಆ ಹುಡುಗನಿಗೆ ಐನೂರು ಕೊಟ್ರಂತೆ. ಅದನ್ನ ನನ್ನ ಫೀಸಲ್ಲೇ ಬಿಟ್ಟಿದ್ರೆ ನಾನೇ ನೇರ ಬರ್ತಿದ್ದೆನಲ್ಲ?” ಏನು ಹೇಳುವುದು? ಅವರ ಲೆಕ್ಕ ಸರಿಯಾಗಿಯೇ ಇತ್ತು.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಎಣ್ಣೆ ವ್ಯಾಪಾರದ ಒಬ್ಬ ಯಜಮಾನರು ನನ್ನ ಹಳೆಯ ಕ್ಲೈಂಟ್. ಕೇಳದೆಯೇ ವರ್ಷಕ್ಕೆ ಎರಡು ಮೂರು ಜನರನ್ನು ಕಳಿಸುತ್ತಿದ್ದರು. ಒಂದು ಪೈಸೆ ಮುಟ್ಟಿದವರಲ್ಲ, ಹೋದರೆ ಅವರೇ ಮಂಡಕ್ಕಿ ಮಿರ್ಚಿ ತರಿಸಿ ಕೊಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಅವರಿಂದ ಜನ ಬರುವುದು ನಿಂತುಹೋಯಿತು. ಒಂದು ದಿನ ನಾನೇ ಕೇಳಿದೆ. “ಈಗ ನಿಮ್ಮ ಹೆಸ್ರು ಹೇಳೋಕೆ ಹಿಂಜರಿಕೆ ಆಗುತ್ತೆ ಸ್ವಾಮಿ. ನನಗೂ ಏನೋ ಸಿಗ್ತದೆ ಅಂತ ಜನ ಅಂದ್ಕೋತಾರೆ” ಅಂದರು.

ನೋಡಿ, ಇಷ್ಟೇ ವಿಷಯ. ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ ‘ಇವರ ಹತ್ರ ಹೋಗು’ ಅಂದಾಗ ನಿಮಗೆ ಉಪಕಾರ ಮಾಡುತ್ತಿರುವುದಿಲ್ಲ. ತನ್ನ ಮರ್ಯಾದೆಯನ್ನು ಅಡ ಇಡುತ್ತಿರುತ್ತಾನೆ. ನಾಳೆ ನೀವು ಎಡವಟ್ಟು ಮಾಡಿದರೆ ‘ಎಂಥವರ ಹತ್ರ ಕಳಿಸಿದ್ಯಪ್ಪ’ ಅಂತ ಕೇಳಿಸಿಕೊಳ್ಳುವುದು ಅವನು. ಆ ಮಾತಿಗೆ ತೂಕ ಬಂದದ್ದೇ ಅದರಲ್ಲಿ ಅವನಿಗೆ ಲಾಭ ಇಲ್ಲ ಅನ್ನುವುದರಿಂದ. ನೀವು ಐನೂರು ಕೊಟ್ಟ ತಕ್ಷಣ ಆ ತೂಕ ಹೋಯಿತು. ದುಡ್ಡು ತೆಗೆದುಕೊಂಡವನ ಮಾತಿನ ತೂಕ ಮಾತ್ರ ಅಲ್ಲ, ಸುಮ್ನೆ ಪ್ರೀತಿಯಿಂದ ಹೇಳುತ್ತಿದ್ದವರ ಮಾತಿನ ತೂಕವೂ.

“ಆಪ್‌ಗಳು ಕೊಡ್ತವಲ್ಲ ಸರ್, ಸೈಟ್ ಬ್ರೋಕರ್‌ಗೂ ಕೊಡ್ತೀವಲ್ಲ” ಅನ್ನುವವರು ಯಾವಾಗಲೂ ಇಬ್ಬರಾದರೂ ಇರುತ್ತಾರೆ. ಸೈಟನ್ನು ಹೋಗಿ ಕಣ್ಣಾರೆ ನೋಡಬಹುದು, ಬ್ರೋಕರ್ ಬ್ರೋಕರ್ ಅಂತಲೇ ಎಲ್ಲರಿಗೂ ಗೊತ್ತಿರುತ್ತದೆ. ಆಪ್ ಹಿಡಿಸಲಿಲ್ಲ ಅಂದರೆ ಅಳಿಸಿ ಹಾಕಬಹುದು. ನಮ್ಮ ಹತ್ತಿರ ಜನ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ವರ್ಡ್, ಒಮ್ಮೊಮ್ಮೆ ಮನೆಯವರಿಗೂ ಹೇಳದ ಸಾಲದ ವಿಷಯ ತಂದಿಡುತ್ತಾರೆ. ಕೆಲಸ ಸರಿಯಾಗಿದೆಯಾ ಅಂತ ನೋಡಿ ತಿಳಿಯುವ ದಾರಿಯೇ ಅವರಿಗಿಲ್ಲ. ಕಳಿಸಿದವರ ಮಾತೊಂದೇ ಆಧಾರ.

ಸರಿ, ಹಾಗಾದರೆ ನಿಮ್ಮ ಅರವತ್ತು ಜನ ಯಾಕೆ ಯಾರನ್ನೂ ಕಳಿಸುತ್ತಿಲ್ಲ?

ಒಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚೌಕಿಪೇಟೆಯ ಬಟ್ಟೆ ಅಂಗಡಿಯವರು ಪಕ್ಕದ ಬಟ್ಟೆ ಅಂಗಡಿಯವರನ್ನು ನಿಮ್ಮ ಹತ್ತಿರ ಕಳಿಸುತ್ತಾರೆ ಅಂತ ಕಾಯುತ್ತಿದ್ದೀರಿ. ಜನ್ಮದಲ್ಲಿ ಕಳಿಸಲ್ಲ. ನಿಮ್ಮ ಮೇಲೆ ಎಷ್ಟೇ ವಿಶ್ವಾಸ ಇರಲಿ, ತನ್ನ ಟರ್ನೋವರ್ ಗೊತ್ತಿರುವ ಮನುಷ್ಯನ ಎದುರು ಪಕ್ಕದ ಅಂಗಡಿಯವ ಟೀ ಕುಡಿಯುತ್ತಾ ಕೂರುವುದು ಯಾವ ವ್ಯಾಪಾರಿಗೆ ಇಷ್ಟ ಆಗುತ್ತದೆ? ಅದು ನಿಮ್ಮ ತಪ್ಪಲ್ಲ. ಆದರೆ ಅವರು ಕೂತಿರುವಾಗ ಇನ್ನೊಬ್ಬ ಕ್ಲೈಂಟಿನ ವ್ಯಾಪಾರದ ಸುದ್ದಿ ನೀವೇ ತೆಗೆದರೆ, ‘ಮೊನ್ನೆ ಒಬ್ಬರದ್ದು ಎರಡು ಕೋಟಿ ಡಿಫರೆನ್ಸ್ ಬಂತು ನೋಡಿ’ ಅಂತ ಹೆಸರಿಲ್ಲದೆ ಹೇಳಿದರೂ, ಅವರು ಮನಸ್ಸಲ್ಲೇ ಲೆಕ್ಕ ಹಾಕುತ್ತಾರೆ: ನಾಳೆ ನನ್ನ ಕಥೆ ಯಾರ ಮುಂದೆ?

ಇನ್ನೊಂದು ಕಾರಣ ನಿಮ್ಮ ಬೋರ್ಡು. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಪ್ಯಾನ್, ಪಾಸ್‌ಪೋರ್ಟ್, ಫುಡ್ ಲೈಸೆನ್ಸ್, ಡಿಜಿಟಲ್ ಸಿಗ್ನೇಚರ್, ಇನ್ಶೂರೆನ್ಸ್, ಕೆಳಗೆ ಜಾಗ ಉಳಿದಿತ್ತು ಅಂತ ಕಲರ್ ಜೆರಾಕ್ಸ್. ಇದರಲ್ಲಿ ಯಾವುದನ್ನು ನೆನಪಿಟ್ಟುಕೊಂಡು ನಿಮ್ಮ ಹೆಸರು ಹೇಳಬೇಕು?

ಹೆಸರು ಹೇಳುವ ಆ ಗಳಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ನನ್ನ ಅದೃಷ್ಟಕ್ಕೆ ಒಂದು ಸಲ ಅಲ್ಲೇ ಕೂತಿದ್ದೆ. ಹಾರ್ಡ್‌ವೇರ್ ಅಂಗಡಿ, ಮಧ್ಯಾಹ್ನ, ಕೌಂಟರ್ ಮೇಲೆ ಅರ್ಧ ಬಿಚ್ಚಿದ ಮೊಳೆ ಡಬ್ಬ. ಕ್ಲೈಂಟ್ ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಮೊಳೆ ತೂಗುತ್ತಿದ್ದರು. ಆ ಕಡೆಯವರು ಯಾರೋ ನೋಟಿಸ್ ಬಂದಿದೆ ಅಂತ ಗೋಳಾಡುತ್ತಿದ್ದರು. ಇವರು ಹೇಳಿದ್ದು ಇಷ್ಟು: “ತಡಿ, ನಮ್ಮೋರೊಬ್ರಿದಾರೆ. ಫೋನ್ ಎತ್ತುತಾರೆ. ನಂಬರ್ ಕಳಿಸ್ತೀನಿ.” ಮುಗಿಯಿತು. ಹದಿನೈದು ವರ್ಷದ ಅನುಭವ, ಮೊನ್ನೆ ಗೆದ್ದ ಅಪೀಲು, ಓದಿದ ಸೆಕ್ಷನ್‌ಗಳು ಎಲ್ಲದರ ಸಾರ ‘ಫೋನ್ ಎತ್ತುತಾರೆ’. ಸ್ವಲ್ಪ ಬೇಜಾರೇ ಆಯ್ತು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದು ಸರಿ. ಅಪೀಲಿನ ಗುಣ ಅವರಿಗೆ ತಿಳಿಯುವುದಿಲ್ಲ. ತಿಳಿಯುವುದು ಫೋನ್ ಎತ್ತುತ್ತಾರಾ, ಲೇಟ್ ಫೀ ಬೀಳುವ ಮುಂಚೆ ಹೇಳುತ್ತಾರಾ, ಆಮೇಲೆ ಹೇಳುತ್ತಾರಾ, ಕಟ್ಟಿದ ಚಲನ್ ಕಳಿಸುತ್ತಾರಾ, ಗೊತ್ತಿಲ್ಲದ್ದು ಕೇಳಿದರೆ ಮುಖ ಸಿಂಡರಿಸುತ್ತಾರಾ ಅನ್ನುವುದು. ನಿಮ್ಮ ಬಗ್ಗೆ ಕ್ಲೈಂಟ್ ಫೋನಿನಲ್ಲಿ ಹೇಳಬಹುದಾದ ಆ ಒಂದು ಸಾಲು ಯಾವುದು? ಅದು ಇನ್ನೂ ಹುಟ್ಟಿಲ್ಲ ಅಂದರೆ ಅರವತ್ತಲ್ಲ, ಆರುನೂರು ಕ್ಲೈಂಟ್ ಇದ್ದರೂ ಅಷ್ಟೇ.

ಜನ ಎಲ್ಲಿಂದ ಬರುತ್ತಾರೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಒಂದೇ ಲೈನಿನವರಿಂದ ಅಲ್ಲ, ಬಿಲ್ಲಿನ ಆ ಕಡೆಯಿಂದ. ನಿಮ್ಮ ಕ್ಲೈಂಟಿಗೆ ಸರಕು ಕೊಟ್ಟವನು 11ರೊಳಗೆ ಜಿಎಸ್‌ಟಿಆರ್-1 (ತಾನು ಮಾರಿದ ಬಿಲ್‌ಗಳ ರಿಟರ್ನ್) ಹಾಕಲಿಲ್ಲ ಅಂದರೆ 14ಕ್ಕೆ ಬರುವ 2ಬಿಯಲ್ಲಿ (ನಿಮ್ಮ ಕ್ಲೈಂಟ್ ಕೊಂಡ ಬಿಲ್‌ಗಳ ಪಟ್ಟಿ) ಆ ಬಿಲ್ ಕಾಣುವುದಿಲ್ಲ, ಇನ್‌ಪುಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯ ವಜಾ, ಆ ತಿಂಗಳು ಸಿಗುವುದಿಲ್ಲ, ಆ ದುಡ್ಡನ್ನು ಕೈಯಿಂದ ಕಟ್ಟಬೇಕು. ಬಹಳ ಪ್ರಾಕ್ಟೀಷನರ್‌ಗಳು 20ನೇ ತಾರೀಕು ಸಂಜೆ ಮೊತ್ತ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ನಾನು 15ಕ್ಕೇ ಕ್ಲೈಂಟಿಗೆ ಪಟ್ಟಿ ಕಳಿಸುತ್ತೇನೆ: ಈ ಮೂರು ಜನರ ಬಿಲ್ ಬಂದಿಲ್ಲ, ಇಷ್ಟು ತೆರಿಗೆ ನಿಂತಿದೆ. ಕ್ಲೈಂಟ್ ಫೋನ್ ಹಚ್ಚಿ ಸಪ್ಲೈಯರ್‌ನ ಬೆವರಿಳಿಸುತ್ತಾರೆ. ಆ ಕಡೆಯಿಂದ “ನಮ್ಮ ಆಡಿಟರ್ ಲೇಟ್ ಮಾಡ್ತಾರಪ್ಪ, ಏನ್ ಮಾಡ್ಲಿ” ಅಂತ ಬರುತ್ತದೆ. ಮುಂದಿನ ಮಾತು ನಾನು ಹೇಳಿಕೊಡಬೇಕಾಗಿಲ್ಲ. ಕ್ಲೈಂಟಿಗೆ ಇಲ್ಲಿ ತನ್ನದೇ ಇನ್‌ಪುಟ್‌ನ ಚಿಂತೆ, ಅದನ್ನು ಮುಚ್ಚಿಡುವುದೂ ಇಲ್ಲ, ಆದ್ದರಿಂದ ಹೇಳಲು ಮುಜುಗರವೂ ಇಲ್ಲ. ಒಂದು ಎಚ್ಚರಿಕೆ: ಆ ಸಪ್ಲೈಯರ್‌ಗೆ ನೀವೇ ಫೋನ್ ಮಾಡಲು ಹೋಗಬೇಡಿ. ಆ ನಂಬರ್ ನಿಮಗೆ ಸಿಕ್ಕಿದ್ದು ಕ್ಲೈಂಟಿನ ಪುಸ್ತಕದಿಂದ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಕಮರ್ಷಿಯಲ್ ಟ್ಯಾಕ್ಸ್‌ನವರು ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದೆಯಲ್ಲ? ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಬೋರ್ಡ್ ನೇತುಹಾಕಿದ ದಿನಗಳು. ಆ ಭಯದಲ್ಲಿ ‘ಎರಡು ಪರ್ಸೆಂಟ್ ಕೊಡಿ, ಸೆಟ್ಲ್ ಮಾಡಿಸ್ತೀನಿ’ ಅಂದವರನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನನ್ನ ಹತ್ತಿರ ಬಂದ ಮೊದಲನೆಯವರು ಒಬ್ಬ ಕಾಂಡಿಮೆಂಟ್ಸ್ ಅಂಗಡಿಯಮ್ಮ. ಅರ್ಧಕ್ಕರ್ಧ ವ್ಯಾಪಾರ ಹಾಲು. ಹಾಲಿಗೆ ತೆರಿಗೆ ಇಲ್ಲ, ಅದನ್ನು ಬೇರೆ ಮಾಡಿ, ಮಗ ಊರಿಂದ ಹಾಕಿದ ದುಡ್ಡನ್ನೂ ಬೇರೆ ಮಾಡಿ, ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆ ಹಾಳೆಯ ಫೋಟೋ ಆ ಬೀದಿಯಲ್ಲೆಲ್ಲ ಓಡಾಡಿತು. ಆಕೆಗೆ ನಾನು ಹೇಳಿದ ಕಾನೂನು ಅರ್ಥ ಆಗಿತ್ತೋ ಇಲ್ಲವೋ, ಹಾಳೆ ಅರ್ಥ ಆಗಿತ್ತು. ಅದನ್ನು ನೋಡಿ ಬಂದವರು ಒಂಬತ್ತು ಜನ, ಅದರಲ್ಲಿ ನಾಲ್ಕು ಜನಕ್ಕೆ ‘ನಿಮಗೆ ಏನೂ ಬೇಕಿಲ್ಲ, ಉತ್ತರ ಕೊಟ್ಟು ಮನೆಗೆ ಹೋಗಿ’ ಅಂದೆ.

ಕೇಳದೇ ಇದ್ದ ಇನ್ನೊಂದು ಪ್ರಶ್ನೆ ಇದರ ಹಿಂದೆಯೇ ಇದೆ, ಹೇಳದಿದ್ದರೆ ಸಮಾಧಾನ ಇಲ್ಲ. ನಿಮ್ಮ ಅರವತ್ತು ಕ್ಲೈಂಟ್‌ಗಳ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ? ನಿಮ್ಮದು, ಅಲ್ವಾ? ‘ಓಟಿಪಿಗೆ ಪದೇ ಪದೇ ಫೋನ್ ಮಾಡೋದು ಕಿರಿಕಿರಿ’ ಅಂತ ಎಲ್ಲರೂ ಮಾಡುವುದೇ. ಆಮೇಲೆ ಕ್ಲೈಂಟ್ ಬಿಟ್ಟು ಹೋಗಬೇಕು ಅಂದಾಗ ನಿಮ್ಮ ಕೈಯಲ್ಲಿ ಜುಟ್ಟು. ಹಳೆಯ ಆಡಿಟರ್ ಓಟಿಪಿ ಕೊಡುವುದಿಲ್ಲ ಅಂತ ಅಳುತ್ತಾ ಬಂದವರನ್ನು ಕರೆದುಕೊಂಡು, ಅವರ ದಾಖಲೆ ಹಿಡಿದು, ಅವರ ವ್ಯಾಪ್ತಿಯ ಟ್ಯಾಕ್ಸ್ ಆಫೀಸಿಗೆ ಹೋಗಿ ನಂಬರ್ ಬದಲಿಸಿಕೊಟ್ಟಿದ್ದೇನೆ. ದಾರಿಯುದ್ದಕ್ಕೂ ಅವರು ಹಳೆಯವರ ಬಗ್ಗೆ ಏನು ಹೇಳುತ್ತಾರೆ ಅಂತ ನೀವು ಕೇಳಬೇಕು. ಅಷ್ಟೇ ಶ್ರದ್ಧೆಯಿಂದ ಪೇಟೆಯಲ್ಲೂ ಹೇಳುತ್ತಾರೆ. ಬೇಕಾದಾಗ ಬಿಟ್ಟು ಹೋಗಬಹುದು ಅನ್ನುವ ಧೈರ್ಯ ಇಲ್ಲದ ಕಡೆಗೆ ಯಾರು ತಮ್ಮವರನ್ನು ಕಳಿಸುತ್ತಾರೆ? ಈ ವಾರವೇ ಕೂತು ಎಲ್ಲರ ನಂಬರ್ ಅವರವರದ್ದೇ ಮಾಡಿ.

ಮೊಳೆ ತೂಗುತ್ತಿದ್ದ ಆ ಹಾರ್ಡ್‌ವೇರ್ ಅಂಗಡಿಯವರು ಕಳೆದ ವರ್ಷ ನನ್ನನ್ನು ಬಿಟ್ಟರು. ಅವರ ಷಡ್ಡಕರ ಮಗ ಹೊಸದಾಗಿ ಆಫೀಸ್ ತೆರೆದಿದ್ದ, ಮನೆಯಲ್ಲಿ ಒತ್ತಾಯ. ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ಫೈಲು, ಪಾಸ್‌ವರ್ಡ್, ಆ ವರ್ಷದ 2ಬಿ ಹೊಂದಾಣಿಕೆ ಎಲ್ಲ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ, ಹುಡುಗನಿಗೆ ಎರಡು ಸಲ ಫೋನಲ್ಲೂ ಹೇಳಿಕೊಟ್ಟೆ. ಮೂರು ತಿಂಗಳಾದ ಮೇಲೆ ಪೇಂಟ್ ಅಂಗಡಿಯವರೊಬ್ಬರು ಬಂದು ಎದುರು ಕೂತರು. ಯಾರು ಕಳಿಸಿದ್ದು ಅಂತ ಕೇಳಿದೆ.

“ಹಾರ್ಡ್‌ವೇರ್‌ನವ್ರು ಸರ್. ‘ನಾನಂತೂ ಸಂಬಂಧಿಕರ ಕೈಯಲ್ಲಿ ಸಿಕ್ಕಾಕ್ಕೊಂಡೆ, ನೀನಾದ್ರೂ ಅಲ್ಲಿಗೆ ಹೋಗು’ ಅಂದ್ರು.”