ಮರಳಲ್ಲಿ ಇಂಗುವ ನದಿಯ ನೀರನ್ನು ಬಳಸಿಕೊಂಡರೆ ತಪ್ಪೇನು?

ಓದುಗರ ಪ್ರಶ್ನೆ: ಆಫ್ರಿಕಾದ ಒಕವಾಂಗೊ ನದಿ ಸಮುದ್ರ ಸೇರುವುದೇ ಇಲ್ಲ, ಮರಳುಗಾಡಿನಲ್ಲಿ ಹರಡಿ ಆವಿಯಾಗಿ ಹೋಗುತ್ತದೆ ಎಂದು ಓದಿದೆ. ಹೇಗೂ ಹಾಳಾಗುವ ನೀರು ತಾನೇ? ಕಾಲುವೆ ತೋಡಿ ಹೊಲಕ್ಕೆ, ಊರಿಗೆ ಹರಿಸಬಾರದೇಕೆ?

ಉತ್ತರ: ಸಮುದ್ರ ಸೇರುವ ನೀರು ವ್ಯರ್ಥ ಎನ್ನುವ ಮಾತು ನಮ್ಮಲ್ಲೂ ದಿನಾ ಕೇಳುತ್ತೇವೆ, ಅಲ್ವಾ? ಆದರೆ ಒಕವಾಂಗೊ ಡೆಲ್ಟಾದಲ್ಲಿ, ಅಂದರೆ ಆ ನದಿ ಕವಲೊಡೆದು ಹರಡುವ ಜೌಗಿನಲ್ಲಿ, ನೀರು ಸುಮ್ನೆ ಆವಿಯಾಗುತ್ತಿಲ್ಲ.

ಅಂಗೋಲಾದ ಬೆಟ್ಟಸೀಮೆಯ ಮಳೆ ಕುಬಾಂಗೊ, ಕುಯಿಟೊ ಎಂಬ ಎರಡು ನದಿಗಳಾಗಿ ಇಳಿದು, ಕೂಡಿ, ನಮೀಬಿಯಾ ದಾಟಿ ಬೋಟ್ಸ್ವಾನಾದ ಕಲಹಾರಿ ಮರಳಿನ ಮೇಲೆ ಬೀಸಣಿಗೆಯಂತೆ ಹರಡುತ್ತದೆ. ವರ್ಷಕ್ಕೆ ಸುಮಾರು 350 ಟಿಎಂಸಿ. ಅಂದರೆ ಕೆಆರ್‌ಎಸ್ ಏಳು ಸಲ ತುಂಬುವಷ್ಟು. ನೆಲ ಬಹಳ ಸಪಾಟಾದ್ದರಿಂದ ನೀರು ತೆವಳಿಕೊಂಡು ಬರುತ್ತದೆ. ಜನವರಿ, ಫೆಬ್ರವರಿಯ ಮಳೆ ಡೆಲ್ಟಾದ ಕೆಳತುದಿ ಮುಟ್ಟುವಾಗ ಜೂನ್, ಜುಲೈ ಆಗಿರುತ್ತದೆ. ಆಗ ಅಲ್ಲಿ ಹನಿ ಮಳೆಯಿಲ್ಲದ ಒಣ ಚಳಿಗಾಲ. ಆನೆಗಳು ನೀರು ಹುಡುಕಿ ಅಲೆಯುವ ಹೊತ್ತಿಗೇ ಪ್ರವಾಹ ಬರುತ್ತದೆ!

ನನಗೆ ಇನ್ನೂ ಜಾಸ್ತಿ ಬೆರಗು ಅಲ್ಲಿನ ಉಪ್ಪಿನ ಲೆಕ್ಕ. ಇಷ್ಟು ನೀರು ಆವಿಯಾದರೆ ಅದರಲ್ಲಿ ಕರಗಿದ್ದ ಉಪ್ಪೆಲ್ಲ ಉಳಿದು, ಡೆಲ್ಟಾ ಎಂದೋ ಸವಳು ಹಿಡಿಯಬೇಕಿತ್ತು. ಆದರೂ ನೀರು ಸಿಹಿಯಾಗಿದೆ. ಅದನ್ನು ಕಾಯುತ್ತಿರುವುದು ದ್ವೀಪಗಳು. ಎಷ್ಟೋ ದ್ವೀಪಗಳು ಶುರುವಾಗಿದ್ದು ಒಂದು ಗೆದ್ದಲಿನ ಹುತ್ತದಿಂದ. ನೀರಿನ ಮೇಲೆ ತಲೆ ಎತ್ತಿದ ಹುತ್ತದ ಮೇಲೆ ಬೀಜ ಬಿದ್ದು ಮರ ಏಳುತ್ತದೆ. ಬೇರು ನೀರನ್ನಷ್ಟೇ ಹೀರಿ ಉಪ್ಪನ್ನು ಮಣ್ಣಿನಲ್ಲೇ ಬಿಡುತ್ತದೆ. ವರ್ಷಾನುಗಟ್ಟಲೆ ಅದು ದ್ವೀಪದ ನಡುವಿಗೆ ಸೇರುತ್ತಾ ಹೋಗುತ್ತದೆ. ಹಳೆಯ ದ್ವೀಪವೊಂದರ ಅಂಚಿನಲ್ಲಿ ಅತ್ತಿಯ ಜಾತಿಯ ದಟ್ಟ ಮರಗಳು, ಒಳಗೆ ಬಂದಂತೆ ತಾಳೆ, ನಟ್ಟನಡುವೆ ಹುಲ್ಲೂ ಹುಟ್ಟದ ಬಿಳಿ ನೆಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳಾದ ಗದ್ದೆ ನೋಡಿದವರಿಗೆ ಈ ಕೆಲಸದ ಬೆಲೆ ಗೊತ್ತು. ಇದು ನಡೆಯಬೇಕಾದರೆ ನೀರು ನಿಧಾನವಾಗಿ ಹರಡಬೇಕು, ಜೊಂಡಿನ ನಡುವೆ ಸೋಸಿ ಹೋಗಬೇಕು. ನೇರ ಕಾಲುವೆ ತೋಡಿದರೆ ನೀರು ಅದರಲ್ಲೇ ಓಡಿಬಿಡುತ್ತದೆ, ಅಕ್ಕಪಕ್ಕದ ಜೌಗು ಒಣಗುತ್ತದೆ.

ಹಾಗೆ ತೋಡಲು ಹೊರಟಿದ್ದರು ಕೂಡ. ಬೊರೊ ಎಂಬ ಕವಲನ್ನು ಯಂತ್ರದಿಂದ ಆಳ ಮಾಡುವ ಸರ್ಕಾರಿ ಯೋಜನೆ ಅದು. 1991ರ ಜನವರಿಯಲ್ಲಿ ಮೌನ್ ಪಟ್ಟಣದ ಜನ ಖೋಟ್ಲಾದಲ್ಲಿ, ಅಂದರೆ ನಮ್ಮ ಪಂಚಾಯ್ತಿ ಕಟ್ಟೆಯಂಥ ಜಾಗದಲ್ಲಿ, ಸೇರಿ ಬೇಡವೇ ಬೇಡ ಎಂದರು. ಯೋಜನೆ ಅಲ್ಲಿಗೇ ನಿಂತಿತು.

1996ರಲ್ಲಿ ಡೆಲ್ಟಾ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, 2014ರಲ್ಲಿ ಯುನೆಸ್ಕೋದ 1000ನೇ ವಿಶ್ವ ಪರಂಪರೆಯ ತಾಣವಾಯಿತು. ಆದರೆ ಈ ಗೌರವವೆಲ್ಲ ಇರುವುದು ಬೋಟ್ಸ್ವಾನಾದೊಳಗಿನ ಡೆಲ್ಟಾಕ್ಕೆ. ನೀರಿನ ಬುಡ ಇರುವುದು ಅಂಗೋಲಾದಲ್ಲಿ. ನಮೀಬಿಯಾ ಕಡೆ ಇದೇ ಜಲಾನಯನದಲ್ಲಿ 2021ರಲ್ಲಿ ತೈಲ ಹುಡುಕಲು ಬಾವಿ ಕೊರೆದಿದ್ದಾರೆ. ಮೂರೂ ದೇಶಗಳು ಕೂತು ಮಾತಾಡಲು 1994ರಿಂದ ಒಕಾಕಾಮ್ ಎಂಬ ಆಯೋಗವಿದೆ. ನನ್ನ ಪ್ರಕಾರ ಡೆಲ್ಟಾದ ಉಳಿವು ನಿರ್ಧಾರವಾಗುವುದು ಆ ಮೇಜಿನ ಸುತ್ತಲೇ.

ಕುಡಿಯಲು ನೀರು ಎತ್ತುವುದು ತಪ್ಪಲ್ಲ. ದೊಡ್ಡ ಅಣೆಕಟ್ಟು, ದೊಡ್ಡ ನೀರಾವರಿ ಬಂದರೆ ಪ್ರವಾಹದ ಹೊತ್ತೇ ತಪ್ಪುತ್ತದೆ. ಹಾಗಂತ ಅಂಗೋಲಾದ ರೈತರಿಗೆ ಬೇಡ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಅವರು 2002ರವರೆಗೆ ಯುದ್ಧದಲ್ಲಿ ನರಳಿದವರು. ಡೆಲ್ಟಾ ನೋಡಲು ಬರುವ ಪ್ರವಾಸಿಗರ ಹಣದಲ್ಲಿ ಮೇಲಿನ ಊರುಗಳಿಗೂ ಒಂದು ಪಾಲು ಹೋಗಬೇಕು.